ಗಣಿ ನಂಬಿದ ಸೀಮೆ

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ನಾನಾಗ ಏಳನೇ ತರಗತಿಯಲ್ಲಿದ್ದೆ. ಅದೇ ಜೂನ್‌ನಲ್ಲಿ ಈ ಶಾಲೆಗೆ ಎಂಟನೇ ತರಗತಿಗೆ ಸೇರಿದೆ. ನಮ್ಮ ಮನೆಯಲ್ಲಿ ಯಾರೂ ಗಣಿಗೆ ಇಳಿದವರಲ್ಲ. ಅಪ್ಪ ಬದನೆ, ಟೊಮೆಟೊ ಬೆಳೆದು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಹಾಕುತ್ತಿದ್ದರು. ಆದರೂ ಆ ವರ್ಷ ನಮ್ಮ ಮನೆಯಲ್ಲಿ ದುಡ್ಡೇ ಆಡಲಿಲ್ಲ. "ಗಣಿ ಮುಚ್ಚಿದರೆ ನಮ್ಮ ಬದನೆಕಾಯಿಗೇನಾಯ್ತಪ್ಪಾ?" ಎಂದು ಕೇಳಿದ್ದೆ. "ತಿನ್ನೋರ ಕೈಯಲ್ಲಿ ಸಂಬಳ ಇಲ್ಲ, ಅಷ್ಟೇ" ಎಂದರು. ಆ ಮಾತು ಪೂರ್ತಿ ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನಾನು ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕಥೆ ಶುರುವಾಗುವುದು ಬರಗಾಲದಿಂದ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡಿತು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಅದರ ತಲೆಯ ಮೇಲೆ ಸಾಲವೂ ಇತ್ತು, ಪ್ರತಿವರ್ಷ ಬ್ರಿಟಿಷರಿಗೆ ಕಟ್ಟಬೇಕಾದ ಪೊಗದಿಯೂ ಇತ್ತು. ಖಜಾನೆಗೆ ಮುಖ್ಯ ಆಸರೆ ಭೂಕಂದಾಯ. ಮಳೆ ಬಾರದಿದ್ದರೆ ಕಂದಾಯವೂ ಇಲ್ಲ. ಅದೇ ಹೊತ್ತಿನಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಇಲ್ಲಿ ಚಿನ್ನ ತೆಗೆಯಲು ಆರಂಭಿಸಿದರು. ತೆಗೆದ ಚಿನ್ನದ ಮೇಲೆ ಸಂಸ್ಥಾನಕ್ಕೆ ರಾಜಧನ ಸಲ್ಲುತ್ತಿತ್ತು. ಮಳೆಯನ್ನು ಕಾಯಬೇಕಿಲ್ಲದ ಆದಾಯವೆಂದರೆ ಇದೇ.

ಹೀಗಾಗಿ ಸರ್ಕಾರ ಗಣಿಗಾಗಿ ಧಾರಾಳವಾಗಿ ಖರ್ಚು ಮಾಡಿತು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. ಬೇತಮಂಗಲದ ಕೆರೆಯಿಂದ ಗಣಿ ಊರಿಗೆ ಕೊಳವೆಯಲ್ಲಿ ನೀರು ಬಂತು. ಇವೆಲ್ಲಕ್ಕಿಂತ ದೊಡ್ಡದು ಶಿವನಸಮುದ್ರದ ವಿದ್ಯುತ್ ಯೋಜನೆ. 1902ರ ಜೂನ್‌ನಲ್ಲಿ ಕಾವೇರಿಯ ಕರೆಂಟು ಸುಮಾರು 147 ಕಿ.ಮೀ. ತಂತಿಯ ಮೇಲೆ ಹರಿದು ಗಣಿಗೆ ಬಂತು. ಆ ಕಾಲದಲ್ಲಿ ಜಗತ್ತಿನ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಯನ್ನು ಬೆನ್ನುಹತ್ತಿ ಮಾಡಿಸಿದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಅದನ್ನು ಕಾಣಲಿಲ್ಲ; ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿದ್ದು ಇದಾದ ಮೂರು ವರ್ಷಕ್ಕೆ, 1905ರಲ್ಲಿ.

ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಕರೆಂಟು ಕಡಿಮೆಯಾಗುತ್ತಿತ್ತು. ವರ್ಷವಿಡೀ ನೀರು ಸಿಗಬೇಕು ಎಂಬುದು 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಗೆ ಒಂದು ಮುಖ್ಯ ಕಾರಣ. ಅದೇ ಕಟ್ಟೆ ಮುಂದೆ ಮಂಡ್ಯದ ಗದ್ದೆಗಳಿಗೆ ನೀರು ಹರಿಸಿತು. ಮಂಡ್ಯದವರು ಭತ್ತ, ಕಬ್ಬು ಬೆಳೆದರು; ಸಕ್ಕರೆ ಕಾರ್ಖಾನೆ ಬಂತು. ಗಣಿಯ ಅಗತ್ಯದಿಂದ ಹುಟ್ಟಿದ ಖರ್ಚು ಇನ್ನೊಂದು ಸೀಮೆಯಲ್ಲಿ ಗಣಿಯ ಹಂಗಿಲ್ಲದೆ ಬೇರೂರಿತು.

ನಮ್ಮ ಸೀಮೆಗೆ ಉಳಿದದ್ದೇನು? ಇಲ್ಲಿ ಜೀವನದಿಯಿಲ್ಲ. ಕೆರೆ, ಬಾವಿಗಳೇ ಗತಿ. ಗಣಿಯ ಸುತ್ತಲಿನ ಹಳ್ಳಿಗಳು ಹಾಲು, ತರಕಾರಿ, ಸೌದೆ, ಕೂಲಿ ಎಲ್ಲವನ್ನೂ ಗಣಿ ಊರಿಗೇ ಮಾರಿ ಬದುಕಿದವು. ಚಿನ್ನದ ಹೊರತಾಗಿ ಇಲ್ಲಿಗೆ ಬಂದ ದೊಡ್ಡ ಉದ್ಯಮ ಬೆಮೆಲ್. ಅದು ಸ್ಥಾಪನೆಯಾದದ್ದು 1964ರಲ್ಲಿ, ಗಣಿ ಆರಂಭವಾಗಿ ಎಂಬತ್ತು ವರ್ಷ ಕಳೆದ ಮೇಲೆ.

ಅಷ್ಟರಲ್ಲಿ ಗಣಿಗೆ ವಯಸ್ಸಾಗಿತ್ತು. 1956ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. 1962ರಲ್ಲಿ ಅದು ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆಳ ಹೆಚ್ಚಿದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನ ಇಳಿಯಿತು. ನಷ್ಟವನ್ನು ಸರ್ಕಾರವೇ ತುಂಬತೊಡಗಿತು. ಅಂದರೆ ನಾವು ಗಣಿಯ ಸಂಪಾದನೆ ಅಂದುಕೊಂಡಿದ್ದ ಸಂಬಳ, ಕೊನೆಯ ವರ್ಷಗಳಲ್ಲಿ ಬಹುಮಟ್ಟಿಗೆ ಸರ್ಕಾರದ ಖರ್ಚಾಗಿತ್ತು. ದೂರದ ದೆಹಲಿಯಲ್ಲಿ ಆ ಖರ್ಚು ನಿಲ್ಲಿಸುವ ತೀರ್ಮಾನವಾದಾಗ, ಇಲ್ಲಿ ಗಣಿ ಕಾರ್ಮಿಕರ ಜೊತೆಗೆ ದರ್ಜಿ, ದಿನಸಿ ಅಂಗಡಿಯವನು, ಬದನೆ ಬೆಳೆದ ನಮ್ಮಪ್ಪ ಎಲ್ಲರೂ ಬಿದ್ದರು.

ನನ್ನ ವೃತ್ತಿಯಲ್ಲಿ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಎಂಬ ಮಾತಿದೆ. ಯಾವ ಒಂದು ಭಾಗ ಕೆಟ್ಟರೆ ಇಡೀ ವ್ಯವಸ್ಥೆ ನಿಂತುಹೋಗುತ್ತದೋ ಅದು. ಅಂಥದ್ದು ಇದೆಯೆಂದು ಗೊತ್ತಾದರೆ, ಎಲ್ಲ ಚೆನ್ನಾಗಿ ನಡೆಯುತ್ತಿರುವಾಗಲೇ ಇನ್ನೊಂದು ದಾರಿ ಮಾಡಿಡುತ್ತೇವೆ. ಕೆಟ್ಟ ಮೇಲೆ ಮಾಡಲು ಸಮಯವೂ ಇರುವುದಿಲ್ಲ, ದುಡ್ಡೂ ಇರುವುದಿಲ್ಲ. ಚಿನ್ನ ಹೇರಳವಾಗಿದ್ದ ದಿನಗಳಲ್ಲಿ ನಮ್ಮ ಸೀಮೆಗೆ ಆ ಇನ್ನೊಂದು ದಾರಿಯನ್ನು ಯಾರೂ ಮಾಡಿಡಲಿಲ್ಲ.

ಗಣಿ ಮುಚ್ಚಿದ ಮೇಲೆ ನಮ್ಮ ಮನೆಯನ್ನು ನಿಲ್ಲಿಸಿದ್ದು ಎರಡು ಸೀಮೆಹಸು. ಅಮ್ಮನ ಡೈರಿ ಬಟವಾಡೆಯಲ್ಲಿ ನನ್ನ ನೋಟ್‌ಪುಸ್ತಕ ಬಂದವು. ಇನ್ನೊಂದು ಆಸರೆ ಈ ಶಾಲೆ. ಹೆಂಚಿನ ಕೊಠಡಿಗಳು, ಕರಿಹಲಗೆ, ಹತ್ತನೇ ತರಗತಿಯವರನ್ನು ಸಂಜೆ ಆರರವರೆಗೂ ಕೂರಿಸಿ ಗಣಿತ ಹೇಳಿಕೊಟ್ಟ ಮೇಷ್ಟ್ರು. ಸರ್ಕಾರದ ಲೆಕ್ಕದಲ್ಲಿ ಇದು ಸಣ್ಣ ಖರ್ಚು. ಆದರೆ ಗಣಿ ಮುಚ್ಚಿದ ವರ್ಷವೂ ನಿಲ್ಲದೆ ನಡೆದ ಖರ್ಚು. ಬಿ.ಇ. ಮುಗಿಸಿ ನಾನು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದೆನೆಂದರೆ ಅದಕ್ಕೆ ಬುನಾದಿ ಇಲ್ಲಿಯದು.

ಆದರೂ ಒಂದು ಆತಂಕ ಹೇಳಲೇಬೇಕು. ಇಂದು ನಮ್ಮ ಮಕ್ಕಳ ನೌಕರಿ ಬೆಂಗಳೂರಿನದು. ನಮ್ಮ ಹಾಲು, ತರಕಾರಿ ಹೆಚ್ಚಾಗಿ ಹೋಗುವುದೂ ಅಲ್ಲಿಗೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವ ಸಂಸ್ಕರಿಸಿದ ನೀರೂ ಅಲ್ಲಿಯದೇ. ಅಜ್ಜಂದಿರು ಗಣಿಯನ್ನು ನಂಬಿದ ಹಾಗೆ ನಾವು ಒಂದು ನಗರವನ್ನು ನಂಬಿದ್ದೇವೆ. ನಾನಂತೂ ಒಂದೇ ಉದ್ಯಮವನ್ನು ನಂಬಿದವನು.

ಊರಿನ ಹಿರಿಯರಲ್ಲಿ, ನನ್ನ ಓರಗೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಸರ್ಕಾರದಿಂದ ಏನಾದರೂ ಕೇಳುವಾಗ, ದುಡ್ಡು ನಿಂತ ಮೇಲೂ ಊರಲ್ಲಿ ಏನು ಉಳಿಯುತ್ತದೆ ಎಂದು ಮೊದಲು ಕೇಳೋಣ. ಹೂಳು ತೆಗೆದ ಕೆರೆ ಉಳಿಯುತ್ತದೆ. ಕಲಿತ ವಿದ್ಯೆ ಉಳಿಯುತ್ತದೆ. ಐವತ್ತು ವರ್ಷದಿಂದ ಈ ಶಾಲೆ ಅದಕ್ಕೆ ಸಾಕ್ಷಿಯಾಗಿ ನಿಂತಿದೆ.