ಮೈಸೂರಿನ ರಂಗಭೂಮಿಯಲ್ಲಿ ವಾಚಿಕದ ಶಿಕ್ಷಣ

ಮೈಸೂರಿನ ಮಂಡಿ ಮೊಹಲ್ಲಾದ ಹೆಸರೇ ಅದರ ಕಸಬನ್ನು ಸಾರುತ್ತದೆ. ಮಂಡಿಯೆಂದರೆ ಸಗಟು ವ್ಯಾಪಾರದ ಸ್ಥಳ; ಕೂಗಿ ಹೇಳಿದವನ ಮಾತಿಗೆ ಅಲ್ಲಿ ಬೆಲೆ. ಕನ್ನಡ, ಉರ್ದು, ತಮಿಳುಗಳು ಒಂದರೊಡನೊಂದು ಬೆರೆತು ಕಿವಿಗೆ ಬೀಳುವ ಆ ಕೇರಿಯಿಂದ ನಡೆದುಹೋಗುವಷ್ಟು ದೂರದಲ್ಲಿಯೇ ರಂಗಾಚಾರ್ಲು ಸ್ಮಾರಕ ಪುರಭವನವಿದೆ. 1883ರಲ್ಲಿ ತೀರಿಕೊಂಡ ದಿವಾನ್ ರಂಗಾಚಾರ್ಲು ಅವರ ನೆನಪಿಗಾಗಿ 1884ರಲ್ಲಿ ಎದ್ದ ಕಟ್ಟಡವದು. ಅಲ್ಲಿ ನಾಟಕವಾಡಿದ ಮೊದಲ ತಲೆಮಾರುಗಳಿಗೆ ಧ್ವನಿವರ್ಧಕದ ಆಸರೆ ಇರಲಿಲ್ಲ. ಮಂಡಿಯಲ್ಲಿ ಕೂಗುವವನ ದನಿ ಕೇಳಿಸಿದರೆ ಸಾಕು; ರಂಗದ ಮೇಲೆ ನಿಂತವನ ದನಿ ಕಡೆಯ ಸಾಲಿಗೆ ಕೇಳಿಸಬೇಕು, ಅರ್ಥವಾಗಬೇಕು, ಗುಟ್ಟಿನ ಮಾತಾದರೆ ಗುಟ್ಟಿನಂತೆಯೂ ಇರಬೇಕು.

ಈ ಕಷ್ಟವನ್ನು ಪೂರ್ವಿಕರು ಅರಿಯದಿರಲಿಲ್ಲ. ಭರತನ ನಾಟ್ಯಶಾಸ್ತ್ರವು ವಾಚಿಕಾಭಿನಯಕ್ಕೆ ಎದೆ, ಕಂಠ, ಶಿರಸ್ಸುಗಳೆಂಬ ಮೂರು ಸ್ಥಾನಗಳನ್ನು ಹೇಳಿ, ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತಗಳೆಂಬ ಆರು ಅಲಂಕಾರಗಳನ್ನು ಎಣಿಸುತ್ತದೆ. ಅದರಲ್ಲಿ ಬರುವ ಕಾಕುವಿನ ವಿಚಾರವಂತೂ ಬಹು ಸೂಕ್ಷ್ಮವಾದುದು. “ಅವನು ಬಂದ” ಎಂದು ದನಿಯನ್ನು ಇಳಿಸಿ ಮುಗಿಸಿದರೆ ಮಾತು ಪೂರ್ಣವಾಯಿತು. ಅದೇ ಎರಡು ಪದಗಳನ್ನು ದನಿ ಇಳಿಸದೆ ನಿಲ್ಲಿಸಿದರೆ ಕೇಳುವವನು ಮುಂದೇನೆಂದು ಕಾಯುತ್ತಾನೆ. ಮೊದಲನೆಯದು ನಿರಾಕಾಂಕ್ಷ, ಎರಡನೆಯದು ಸಾಕಾಂಕ್ಷ. ಹೊಸದಾಗಿ ಅಭಿನಯ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಕ್ಕುವುದು ದುರ್ಲಭ.

ಆದರೆ ಮೈಸೂರಿನಲ್ಲಿ ಪಾಠ ಮೊದಲಾದುದು ಮಾತಿನಿಂದಲ್ಲ, ಸಂಗೀತದಿಂದ. 1881ರಲ್ಲಿ ಅಧಿಕಾರ ವಹಿಸಿದ ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕಸಭೆ ಬೆಳೆಯಿತು. ಬಸವಪ್ಪಶಾಸ್ತ್ರಿಗಳ ಕನ್ನಡ ಶಾಕುಂತಲ ಆ ಕಾಲದ ಹೆಮ್ಮೆ. ಮುಂದೆ ಎ. ವಿ. ವರದಾಚಾರ್ಯರ (1869–1926) ರತ್ನಾವಳಿ ನಾಟಕಸಭೆಯ ದಿನಗಳಲ್ಲಿ ಅವರ ಗಾಯನಕ್ಕಾಗಿಯೇ ಜನ ಸೇರುತ್ತಿದ್ದರು. ಶ್ರುತಿಯಲ್ಲಿ ನಿಲ್ಲುವ ಕಂಠ ದೂರಕ್ಕೂ ನಿಲ್ಲುತ್ತದೆಂಬುದು ನಿಜವೇ. ಅದರ ಬೆಲೆಯನ್ನು ತೆತ್ತವರು ಮಾತ್ರ ಬಾಲನಟರು. ಸ್ತ್ರೀಪಾತ್ರಗಳನ್ನು ಹುಡುಗರು ಧರಿಸುತ್ತಿದ್ದ ಕಂಪನಿಗಳಲ್ಲಿ ಹುಡುಗನ ಅನ್ನ ಅವನ ಎಳೆಯ ಕೊರಳಲ್ಲಿತ್ತು. ಹನ್ನೆರಡು ಹದಿನೈದರ ನಡುವೆ ಧ್ವನಿಪೆಟ್ಟಿಗೆ ಬೆಳೆದು, ನಾದತಂತುಗಳು ಉದ್ದವಾಗಿ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುವುದು ಪ್ರಕೃತಿಯ ನಿಯಮ. ಆಗ ಬೇಕಾದುದು ವಿಶ್ರಾಂತಿ. ಟಿಕೆಟ್ಟು ಮಾರಿದ ಮೇಲೆ ವಿಶ್ರಾಂತಿ ಎಲ್ಲಿಯದು? ಒಡೆದ ಕಂಠದಿಂದಲೇ ಮೇಲಿನ ಷಡ್ಜವನ್ನು ಎಳೆದ ಹುಡುಗನಿಗೆ ಮುಂದೆ ರಾಜಪಾರ್ಟೂ ದೊರೆಯದೆ ಹೋಗುವ ಅಪಾಯವಿತ್ತು.

ಗದ್ಯಕ್ಕೆ ಬೇರೆಯೇ ಸಾಧನೆ ಬೇಕೆಂಬುದು ಮೆಲ್ಲಮೆಲ್ಲನೆ ತಿಳಿಯಿತು. ಮಹಮ್ಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿ ಆಡಿದ ‘ಸಂಸಾರ ನೌಕೆ’ ಪುರಾಣವನ್ನು ಬಿಟ್ಟು ಮನೆಯ ಬಾಳನ್ನು ರಂಗಕ್ಕೆ ತಂದಿತು. 1936ರಲ್ಲಿ ಚಲನಚಿತ್ರವೂ ಆಯಿತು. ಕನ್ನಡದ ನುಡಿ ಯಾವ ಒಂದು ಮತದವರ ಸೊತ್ತೂ ಅಲ್ಲವೆಂಬುದಕ್ಕೆ ಪೀರ್ ಅವರ ಕೀರ್ತಿಯೇ ಸಾಕ್ಷಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ (1918) ಪಡಸಾಲೆಯ ಮಾತನ್ನು ಬೇಡಿದರೆ, ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ (1929) ಹಳಗನ್ನಡದ ನೀಳವಾದ ಸಾಲುಗಳಿಗೆ ಉಸಿರನ್ನು ಬೇಡಿತು. ಒಂದೇ ಕೊರಳು ಎರಡಕ್ಕೂ ಸಿದ್ಧವಾಗಬೇಕಾಯಿತು.

1989ರಲ್ಲಿ ರಂಗಾಯಣ ಸ್ಥಾಪನೆಯಾದಾಗ ಅದನ್ನು ಕಟ್ಟಿದ ಬಿ. ವಿ. ಕಾರಂತರು ಸ್ವತಃ ಬಾಲ್ಯದಲ್ಲಿ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದ್ದವರು. ಕಂಪನಿಯ ಸಂಗೀತವನ್ನೂ ಹೊಸ ರಂಗದ ಶಿಸ್ತನ್ನೂ ಒಟ್ಟಿಗೆ ಬಲ್ಲವರಾಗಿದ್ದರು. ನಾಡಿನ ಬೇರೆಬೇರೆ ಕಡೆಗಳಿಂದ ಬಂದ ತರುಣರು ತಮ್ಮ ತಮ್ಮ ಊರಿನ ನುಡಿಯನ್ನು ಹೊತ್ತು ತಂದಿದ್ದರು. ಹಾಲನ್ನು ‘ಆಲು’ ಎನ್ನುವ ಅಭ್ಯಾಸ, ‘ಧನ’ವು ‘ದನ’ವಾಗುವ ಅಭ್ಯಾಸ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯ. ನಟನಿಗೆ ಎರಡೂ ಉಚ್ಚಾರಣೆ ಬರಬೇಕೆಂಬುದು ಸರಿ. ಆದರೆ ತಿದ್ದುವ ಭರದಲ್ಲಿ ವಿದ್ಯಾರ್ಥಿಗೆ ತನ್ನ ತಾಯಿಯ ಮಾತೇ ನಾಚಿಕೆಯ ವಸ್ತುವಾದರೆ, ನಾಲಗೆ ಶುದ್ಧವಾಗಿ ಬಾಯಿ ಕಟ್ಟಿಹೋಗುತ್ತದೆ. ಶಾಲೆಗಳಲ್ಲಿ ಇದು ನಡೆದುಬಂದ ಅನ್ಯಾಯ.

ರಂಗಭೂಮಿಯಲ್ಲಿ ಅದಕ್ಕೆ ಉತ್ತರ ದೊರೆತುದು ಸಿ. ಬಸವಲಿಂಗಯ್ಯನವರು ರಂಗಾಯಣಕ್ಕಾಗಿ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಆಡಿಸಿದಾಗ. 1984ರ ಆ ಕಾದಂಬರಿಯ ಭಾಷೆ ನಂಜನಗೂಡಿನ ಕಡೆಯ ಆಡುನುಡಿ. ಪುಸ್ತಕದಲ್ಲಿ ಓದುವಾಗ ಎಡವುತ್ತಿದ್ದ ವಿದ್ಯಾವಂತರಿಗೆ ಆ ವಾಕ್ಯಗಳು ಬಾಯಿಂದ ಕಿವಿಗೆ ಬಂದಾಗ ಹತ್ತಿರವಾದುವು. ಹಕಾರವನ್ನು ಕಷ್ಟಪಟ್ಟು ಕಲಿತ ನಟ ಅದನ್ನು ಬಿಟ್ಟು ಮಾತಾಡಬೇಕಾಯಿತು. ಪಟ್ಟಣದಲ್ಲಿ ಬೆಳೆದ ನಟಿ ಹಳ್ಳಿಯಿಂದ ಬಂದ ಗೆಳತಿಯ ಬಳಿ ಪಾಠ ಹೇಳಿಸಿಕೊಳ್ಳಬೇಕಾದ ಸರದಿ ಬಂದಿತು.