ದಿನನಿತ್ಯದ ವಾಕ್ಯ ಮನನ: ವಿಶ್ವಾಸದಲ್ಲಿ ಬೆಳೆಯಲು ಒಂದು ಹಳೆಯ ದಾರಿ

ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಲ್ಲಿ ಬೈಬಲ್ ಇಲ್ಲದ ಮನೆ ಅಪರೂಪ. ದೇವರ ಪೀಠದ ಮೇಲೆ, ಶಿಲುಬೆಯ ಪಕ್ಕದಲ್ಲಿ, ಹೂವಿನ ನಡುವೆ ಅದಕ್ಕೊಂದು ಗೌರವದ ಸ್ಥಾನವಿದೆ. ಆದರೆ ಗೌರವ ಬೇರೆ, ಬಳಕೆ ಬೇರೆ. ಎಷ್ಟೋ ಮನೆಗಳಲ್ಲಿ ಆ ಪುಸ್ತಕವನ್ನು ದಿನವೂ ಒರೆಸುತ್ತೇವೆ, ಆದರೆ ತೆರೆಯುವುದಿಲ್ಲ. ಇತ್ತ ಮೊಬೈಲಿಗೆ ಬೆಳಿಗ್ಗೆ ಏಳುವ ಮೊದಲೇ ನಾಲ್ಕಾರು ವಾಕ್ಯಗಳು ಬಂದು ಬೀಳುತ್ತವೆ. ಅವನ್ನು ನೋಡುತ್ತೇವೆ, ಕೈಮುಗಿದ ಚಿತ್ರ ಕಳಿಸುತ್ತೇವೆ, ಮುಂದಿನ ಸಂದೇಶಕ್ಕೆ ಹೋಗುತ್ತೇವೆ. ಸಂಜೆಯ ಹೊತ್ತಿಗೆ ಬೆಳಿಗ್ಗೆ ಓದಿದ ವಾಕ್ಯ ಯಾವುದೆಂದು ಕೇಳಿದರೆ ಉತ್ತರವಿರುವುದಿಲ್ಲ.

ಇದು ಯಾರನ್ನೂ ದೂರುವ ಮಾತಲ್ಲ. ವಾಕ್ಯವನ್ನು ಓದುವುದು ಹೇಗೆ, ಓದಿದ್ದನ್ನು ಪ್ರಾರ್ಥನೆಯಾಗಿಸುವುದು ಹೇಗೆ ಎಂದು ನಮ್ಮಲ್ಲಿ ಅನೇಕರಿಗೆ ಯಾರೂ ಕಲಿಸಲಿಲ್ಲ. ಧರ್ಮಸಭೆಯ ಬಳಿ ಇದಕ್ಕೆ ಬಹಳ ಹಳೆಯ, ಸರಳವಾದ ಒಂದು ಕ್ರಮವಿದೆ. ಅದರ ಪರಿಚಯವನ್ನೂ ಮನೆಯಲ್ಲಿ ಅದನ್ನು ನಡೆಸುವ ಬಗೆಯನ್ನೂ ಈ ಲೇಖನದಲ್ಲಿ ತಿಳಿಯೋಣ.

ಧರ್ಮಸಭೆಯ ಬೋಧನೆ

ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು 'ದೇಯಿ ವೆರ್ಬುಮ್' ಎಂಬ ಪ್ರಮಾಣಪತ್ರವನ್ನು ಹೊರಡಿಸಿತು. ದೈವಪ್ರಕಟನೆಯ ಕುರಿತಾದ ಈ ಪತ್ರದ 25ನೇ ವಿಭಾಗವು ಗುರುಗಳು ಮತ್ತು ಧಾರ್ಮಿಕರಷ್ಟೇ ಅಲ್ಲ, ಎಲ್ಲ ವಿಶ್ವಾಸಿಗಳೂ ಪವಿತ್ರ ಗ್ರಂಥವನ್ನು ಆಗಾಗ ಓದಬೇಕೆಂದು ಒತ್ತಿ ಹೇಳುತ್ತದೆ. ಗ್ರಂಥವನ್ನು ಅರಿಯದವರು ಕ್ರಿಸ್ತರನ್ನೂ ಅರಿಯರು ಎಂಬ ಸಂತ ಜೆರೋಮರ ಅಭಿಪ್ರಾಯವನ್ನು ಅದು ನೆನಪಿಸುತ್ತದೆ. ಓದಿನ ಜೊತೆಗೆ ಪ್ರಾರ್ಥನೆಯೂ ಇರಬೇಕೆಂದು ಸೇರಿಸುತ್ತದೆ. ಏಕೆಂದರೆ ಪ್ರಾರ್ಥಿಸುವಾಗ ನಾವು ದೇವರೊಡನೆ ಮಾತನಾಡುತ್ತೇವೆ, ಗ್ರಂಥವನ್ನು ಓದುವಾಗ ಅವರ ಮಾತನ್ನು ಆಲಿಸುತ್ತೇವೆ. ಎರಡೂ ಸೇರಿದಾಗಲೇ ಅದು ಸಂಭಾಷಣೆ.

ಅಲ್ಲಿಂದೀಚೆಗೆ ಈ ಕರೆ ನಿಂತಿಲ್ಲ. 2008ರ ಅಕ್ಟೋಬರಿನಲ್ಲಿ ರೋಮಿನಲ್ಲಿ ನಡೆದ ಧರ್ಮಾಧ್ಯಕ್ಷರ ಸಿನೊಡಿನ ವಿಷಯವೇ ದೇವರ ವಾಕ್ಯವಾಗಿತ್ತು. ಅದರ ಫಲವಾಗಿ ಪೋಪ್ 16ನೇ ಬೆನೆಡಿಕ್ಟರು 2010ರಲ್ಲಿ 'ವೆರ್ಬುಮ್ ದೋಮಿನಿ' ಎಂಬ ಪ್ರೇಷಿತ ಪತ್ರವನ್ನು ನೀಡಿದರು. ಪೋಪ್ ಫ್ರಾನ್ಸಿಸರು 2019ರ ಸೆಪ್ಟೆಂಬರ್ 30ರಂದು, ಸಂತ ಜೆರೋಮರ ಸ್ಮರಣೆಯ ದಿನ, ಸಾಧಾರಣ ಕಾಲದ ಮೂರನೇ ಭಾನುವಾರವನ್ನು 'ದೇವರ ವಾಕ್ಯದ ಭಾನುವಾರ'ವೆಂದು ಸಾರಿದರು. 2020ರ ಜನವರಿ 26ರಂದು ಅದು ಮೊದಲ ಬಾರಿಗೆ ಆಚರಣೆಗೆ ಬಂತು. ವರ್ಷಕ್ಕೊಂದು ದಿನದ ಆಚರಣೆಯಾಗಿ ಉಳಿಯದೆ ವರ್ಷವಿಡೀ ವಾಕ್ಯದೊಡನೆ ಬಾಳಲು ಪ್ರೇರಣೆಯಾಗಬೇಕೆಂಬುದೇ ಅದರ ಆಶಯ.

ನಾಲ್ಕು ಮೆಟ್ಟಿಲ ಏಣಿ

ಈ ಓದಿಗೆ ಲತೀನಿನಲ್ಲಿ 'ಲೆಕ್ತಿಯೊ ದಿವಿನಾ' ಎಂಬ ಹೆಸರು. ಕನ್ನಡದಲ್ಲಿ ದೈವಿಕ ಪಠಣ ಎನ್ನಬಹುದು. ಆರನೇ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 48ನೇ ಅಧ್ಯಾಯದಲ್ಲಿ ಕೈಕೆಲಸಕ್ಕೆ ಗೊತ್ತಾದ ಸಮಯ ಇಟ್ಟಂತೆ ಪವಿತ್ರ ಪಠಣಕ್ಕೂ ಸಮಯ ಇಟ್ಟರು. ಹನ್ನೆರಡನೇ ಶತಮಾನದಲ್ಲಿ ಫ್ರಾನ್ಸಿನ ಕಾರ್ತೂಸಿಯನ್ ಮಠದ ಶ್ರೇಷ್ಠರಾಗಿದ್ದ ಎರಡನೇ ಗುಯಿಗೊ ಎಂಬವರು ತಮ್ಮ ಸಹೋದರ ಸನ್ಯಾಸಿಗೆ ಬರೆದ ಪತ್ರವೊಂದರಲ್ಲಿ ಇದನ್ನು ನಾಲ್ಕು ಮೆಟ್ಟಿಲುಗಳ ಏಣಿಗೆ ಹೋಲಿಸಿದರು. ಇಂದಿಗೂ ಧರ್ಮಸಭೆ ಕಲಿಸುವುದು ಆ ಕ್ರಮವನ್ನೇ.

ಮೊದಲನೆಯದು ಪಠಣ. ಚಿಕ್ಕ ಭಾಗವೊಂದನ್ನು ನಿಧಾನವಾಗಿ, ಸಾಧ್ಯವಾದರೆ ಬಾಯಿಬಿಟ್ಟು, ಎರಡು ಮೂರು ಬಾರಿ ಓದುವುದು. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಭಾಗ ಏನು ಹೇಳುತ್ತದೆ? ಯಾರು, ಎಲ್ಲಿ, ಯಾವಾಗ, ಯಾರೊಡನೆ ಎಂಬುದನ್ನು ಗಮನಿಸಬೇಕು.

ಎರಡನೆಯದು ಮನನ. ನಮ್ಮ ಭಾಷೆಯಲ್ಲಿ 'ಮೆಲುಕು ಹಾಕುವುದು' ಎಂಬ ಮಾತಿದೆ. ಹಿಂದಿನ ಸನ್ಯಾಸಿಗಳೂ ಮನನಕ್ಕೆ ಇದೇ ಹೋಲಿಕೆ ಕೊಟ್ಟರು. ಹಸು ಮೇಯುವುದು ಒಂದು ಹೊತ್ತು, ಮೆಲುಕು ಹಾಕುವುದು ಇನ್ನೊಂದು ಹೊತ್ತು. ಹಾಗೆಯೇ ಮನಸ್ಸಿಗೆ ನಾಟಿದ ಒಂದು ಪದವನ್ನೋ ವಾಕ್ಯವನ್ನೋ ಹಿಡಿದುಕೊಂಡು, ಇದು ನನ್ನ ಇಂದಿನ ಬಾಳಿಗೆ ಏನು ಹೇಳುತ್ತದೆ ಎಂದು ಕೇಳುವುದು. ಮಾತೆ ಮರಿಯಮ್ಮನವರು ಕಂಡದ್ದನ್ನೂ ಕೇಳಿದ್ದನ್ನೂ ಹೃದಯದಲ್ಲಿರಿಸಿ ಚಿಂತಿಸುತ್ತಿದ್ದರೆಂದು ಸಂತ ಲೂಕರು ಎರಡನೇ ಅಧ್ಯಾಯದಲ್ಲಿ ಎರಡು ಬಾರಿ ಹೇಳುತ್ತಾರೆ.

ಮೂರನೆಯದು ಪ್ರಾರ್ಥನೆ. ಕೇಳಿದ್ದಕ್ಕೆ ನಮ್ಮ ಉತ್ತರ. ಅದು ಸ್ತುತಿಯಾಗಿರಬಹುದು, ಕ್ಷಮೆ ಯಾಚನೆಯಾಗಿರಬಹುದು, ಅಳಲೂ ಆಗಿರಬಹುದು. ಕೀರ್ತನೆಗಳ ಗ್ರಂಥದಲ್ಲಿ ದೇವರ ಮುಂದೆ ಗೋಳಾಡುವ, ಜಗಳವಾಡುವ ಪ್ರಾರ್ಥನೆಗಳೂ ಬಹಳವಿವೆ. ಆದ್ದರಿಂದ ಒಳ್ಳೆಯ ಮಾತುಗಳನ್ನೇ ಹುಡುಕಬೇಕೆಂದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು.

ನಾಲ್ಕನೆಯದು ಧ್ಯಾನ. ಇಲ್ಲಿ ಮಾತು ನಿಲ್ಲುತ್ತದೆ. ದೇವರ ಸನ್ನಿಧಿಯಲ್ಲಿ ಸುಮ್ಮನೆ ಕುಳಿತಿರುವುದು. ಇದು ನಮ್ಮ ಪ್ರಯತ್ನದಿಂದ ಸಿದ್ಧಿಸುವುದಲ್ಲ, ದೇವರು ಕೊಡುವ ವರ.

ಪೋಪ್ ಬೆನೆಡಿಕ್ಟರು ತಮ್ಮ ಪತ್ರದ 87ನೇ ವಿಭಾಗದಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಿದ್ದಾರೆ: ಕಾರ್ಯ. ಓದು ನಮ್ಮನ್ನು ಇತರರ ಸೇವೆಗೆ ಎಬ್ಬಿಸದಿದ್ದರೆ ಅದಿನ್ನೂ ಮುಗಿದಿಲ್ಲ ಎಂದು ಅವರ ಅಭಿಪ್ರಾಯ.

ಯಾವ ಭಾಗವನ್ನು ಓದಬೇಕು?

ಕಥೋಲಿಕ ಬೈಬಲಿನಲ್ಲಿ 73 ಗ್ರಂಥಗಳಿವೆ. ಹಳೆಯ ಒಡಂಬಡಿಕೆಯಲ್ಲಿ 46, ಹೊಸ ಒಡಂಬಡಿಕೆಯಲ್ಲಿ 27. ಮೊದಲ ಪುಟದಿಂದ ಓದತೊಡಗಿದ ಅನೇಕರು ಯಾಜಕಕಾಂಡದ ಹೊತ್ತಿಗೆ ದಣಿದು ಬಿಟ್ಟುಬಿಡುತ್ತಾರೆ. ಅದಕ್ಕಿಂತ ಧರ್ಮಸಭೆಯೇ ಆಯ್ದು ಕೊಟ್ಟಿರುವ ದಿನದ ವಾಚನಗಳನ್ನು ಅನುಸರಿಸುವುದು ಸುಲಭ. ಅಂದಿನ ಬಲಿಪೂಜೆಯಲ್ಲಿ ಲೋಕದಾದ್ಯಂತ ಓದುವ ಭಾಗವನ್ನೇ ನಾವೂ ಮನೆಯಲ್ಲಿ ಓದುತ್ತೇವೆ. ಹಾಸಿಗೆ ಹಿಡಿದವರಿಗೂ, ದೂರದ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೂ ಇದು ಧರ್ಮಕೇಂದ್ರದೊಡನೆ ಒಂದು ನಂಟು.

ಈ ವಾಚನಗಳ ಕ್ರಮ 1969ರಲ್ಲಿ ರೂಪುಗೊಂಡಿತು. ಭಾನುವಾರಗಳಿಗೆ ಮೂರು ವರ್ಷಗಳ ಸುತ್ತು. 'ಎ' ವರ್ಷದಲ್ಲಿ ಮತ್ತಾಯರ, 'ಬಿ' ವರ್ಷದಲ್ಲಿ ಮಾರ್ಕರ, 'ಸಿ' ವರ್ಷದಲ್ಲಿ ಲೂಕರ ಶುಭಸಂದೇಶ ಪ್ರಧಾನ. ಯೊವಾನ್ನರ ಶುಭಸಂದೇಶವನ್ನು ಹೆಚ್ಚಾಗಿ ಪಾಸ್ಕ ಕಾಲದಲ್ಲೂ ಮಾರ್ಕರ ವರ್ಷದ ಕೆಲವು ಭಾನುವಾರಗಳಲ್ಲೂ ಓದುತ್ತಾರೆ. ಇಸವಿಯನ್ನು ಮೂರರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ ಅದು 'ಸಿ' ವರ್ಷವೆಂದು ನೆನಪಿಟ್ಟರೆ ಉಳಿದವು ತಾವಾಗಿ ತಿಳಿಯುತ್ತವೆ. ಆದರೆ ಪೂಜಾವರ್ಷ ಜನವರಿಯಲ್ಲಲ್ಲ, ಅದಕ್ಕೂ ಮೊದಲೇ, ಆಗಮನ ಕಾಲದ ಮೊದಲ ಭಾನುವಾರ ಆರಂಭವಾಗುತ್ತದೆ. ಸಾಧಾರಣ ಕಾಲದ ವಾರದ ದಿನಗಳಲ್ಲಿ ಶುಭಸಂದೇಶ ಪ್ರತಿ ವರ್ಷವೂ ಒಂದೇ: 1ರಿಂದ 9ನೇ ವಾರದವರೆಗೆ ಮಾರ್ಕ, 10ರಿಂದ 21ರವರೆಗೆ ಮತ್ತಾಯ, 22ರಿಂದ 34ರವರೆಗೆ ಲೂಕ. ಮೊದಲ ವಾಚನ ಮಾತ್ರ ಬೆಸ ವರ್ಷಕ್ಕೊಂದು, ಸಮ ವರ್ಷಕ್ಕೊಂದು.

ಹೊಸದಾಗಿ ಆರಂಭಿಸುವವರು ಮೂರೂ ಭಾಗಗಳನ್ನು ಓದಲೇಬೇಕೆಂದಿಲ್ಲ. ಅಂದಿನ ಶುಭಸಂದೇಶ ಸಾಕು.

ಒಂದು ಉದಾಹರಣೆ

ಕಡಲ ತೀರದ ನಮಗೆ ಹತ್ತಿರವಾದ ಭಾಗವೊಂದನ್ನು ತೆಗೆದುಕೊಳ್ಳೋಣ: ಮಾರ್ಕ 4:35-41. ಸಾಧಾರಣ ಕಾಲದ ಮೂರನೇ ವಾರದ ಶನಿವಾರ ಇದನ್ನು ಓದುತ್ತಾರೆ.

ಪಠಣ: ಸಂಜೆಯ ಹೊತ್ತು. ದಿನವಿಡೀ ಬೋಧಿಸಿದ ಯೇಸುಸ್ವಾಮಿ ಆಚೆಯ ದಡಕ್ಕೆ ಹೋಗೋಣವೆನ್ನುತ್ತಾರೆ. ಬಿರುಗಾಳಿ ಏಳುತ್ತದೆ, ದೋಣಿಯೊಳಗೆ ನೀರು ತುಂಬುತ್ತದೆ. ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿದ್ದಾರೆ. ಶಿಷ್ಯರು ಅವರನ್ನು ಎಬ್ಬಿಸಿ, ನಾವು ಮುಳುಗುತ್ತಿರುವುದು ನಿಮಗೆ ಲೆಕ್ಕವೇ ಇಲ್ಲವೇ ಎಂಬಂತೆ ಕೇಳುತ್ತಾರೆ. ಗಲಿಲೇಯ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ, ಸುತ್ತಲೂ ಬೆಟ್ಟಗಳು. ಗಾಳಿ ಅಲ್ಲಿ ಇದ್ದಕ್ಕಿದ್ದಂತೆ ಇಳಿದು ಬರುತ್ತದೆ. ಶಿಷ್ಯರಲ್ಲಿ ಕೆಲವರು ಅದೇ ನೀರಿನಲ್ಲಿ ದುಡಿದ ಬೆಸ್ತರು. ಅಂಥವರೇ ಹೆದರಿದರೆಂದರೆ ಅದು ಸಣ್ಣ ಗಾಳಿಯಲ್ಲ.

ಮನನ: ಮತ್ತಾಯರ ಶುಭಸಂದೇಶದಲ್ಲಿ (8:23-27) ಯೇಸು ಮೊದಲು ಶಿಷ್ಯರ ಅಲ್ಪವಿಶ್ವಾಸವನ್ನು ಪ್ರಶ್ನಿಸಿ, ಅನಂತರ ಗಾಳಿಯನ್ನು ಗದರಿಸುತ್ತಾರೆ. ಮಾರ್ಕರಲ್ಲಿ ಕ್ರಮ ಬೇರೆ: ಮೊದಲು ಕಡಲು ಶಾಂತವಾಗುತ್ತದೆ, ಆಮೇಲೆ ಪ್ರಶ್ನೆ. ಹೆದರಿ ಕೂಗಿದವರನ್ನು ಅವರು ಮೊದಲು ಕಾಪಾಡುತ್ತಾರೆ. ನನ್ನ ಮನೆಯ ಬಿರುಗಾಳಿ ಯಾವುದು? ತೀರದ ಸಾಲವೇ, ಕುಡಿತವೇ, ಮಗಳ ಕಾಯಿಲೆಯೇ? ದೇವರು ನಿದ್ರಿಸುತ್ತಿದ್ದಾರೆ ಎಂದು ನನಗೆ ಅನ್ನಿಸಿದ್ದು ಯಾವಾಗ?

ಕಡಲಿಗೆ ಹೋದ ಮಗ ಹಿಂದಿರುಗದ ಮನೆಗಳು ನಮ್ಮ ತೀರದಲ್ಲಿವೆ. ಅಲ್ಲಿ ಈ ಭಾಗ ಓದುವುದು ಸುಲಭವಲ್ಲ. ಎಲ್ಲ ದೋಣಿಗಳೂ ದಡ ಸೇರುತ್ತವೆಂದು ಈ ಶುಭಸಂದೇಶ ಭರವಸೆ ಕೊಡುವುದಿಲ್ಲ. ಯೇಸು ಅದೇ ದೋಣಿಯಲ್ಲಿದ್ದರು ಎಂದಷ್ಟೇ ಹೇಳುತ್ತದೆ. ಮುಂದೆ ಅವರೇ ಶಿಲುಬೆಯ ಮೇಲೆ ತಮ್ಮನ್ನು ಕೈಬಿಟ್ಟದ್ದೇಕೆಂದು ಕೂಗಿದರೆಂಬುದನ್ನೂ ಮಾರ್ಕರು ಮುಚ್ಚಿಟ್ಟಿಲ್ಲ. ದುಃಖದಲ್ಲಿರುವವರ ಮುಂದೆ ಈ ಭಾಗವನ್ನು ವಿವರಿಸಲು ಹೋಗದೆ, ಅವರ ಜೊತೆ ಕುಳಿತು ಓದುವುದೇ ಒಳ್ಳೆಯದು.

ಪ್ರಾರ್ಥನೆ: ಶಿಷ್ಯರಂತೆಯೇ ಕೂಗಿ ಕರೆಯಬಹುದು. ಅವರ ಆ ಕೂಗು ದೂರಿನಂತಿದ್ದರೂ ಯೇಸು ಎದ್ದರು.

ಧ್ಯಾನ: ಗಾಳಿ ನಿಂತ ಮೇಲಿನ ಆ ಮಹಾಶಾಂತಿಯಲ್ಲಿ ಎರಡು ನಿಮಿಷ ಮೌನವಾಗಿರುವುದು.

ಕಾರ್ಯ: ಬೇರೆ ದೋಣಿಗಳೂ ಜೊತೆಯಲ್ಲಿದ್ದವೆಂದು ಮಾರ್ಕರು ಬರೆಯುತ್ತಾರೆ. ನೆರೆಮನೆಯ ದೋಣಿಯ ಸ್ಥಿತಿ ಹೇಗಿದೆ? ಇಂದು ಒಬ್ಬರನ್ನಾದರೂ ವಿಚಾರಿಸಿ ಬರೋಣ.

ಮನೆಯಲ್ಲಿ, ವಾರ್ಡಿನಲ್ಲಿ

ಸಂಜೆಯ ತೇರ್ಸ್ ನಮ್ಮ ಹಿರಿಯರು ಉಳಿಸಿಕೊಟ್ಟ ಆಸ್ತಿ. ಅದನ್ನು ಬಿಟ್ಟು ಇದನ್ನು ಹಿಡಿಯಬೇಕೆಂದು ಯಾರೂ ಹೇಳುವುದಿಲ್ಲ. ಜಪಸರದ ರಹಸ್ಯಗಳೂ ಬಹುಪಾಲು ಶುಭಸಂದೇಶದಿಂದಲೇ ಬಂದವು. ಜಪಸರದ ಮೊದಲು ಅಥವಾ ಕೊನೆಯಲ್ಲಿ ಅಂದಿನ ಶುಭಸಂದೇಶವನ್ನು ಒಬ್ಬರು ಓದಲಿ. ಮಕ್ಕಳಿಗೇ ಆ ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು. ಒಂದು ನಿಮಿಷ ಮೌನ. ಬಳಿಕ ತಮಗೆ ನಾಟಿದ ಪದವನ್ನು ಇಷ್ಟವಿದ್ದವರು ಹೇಳಲಿ, ಉಪದೇಶ ಬೇಡ. ಒಟ್ಟು ಹತ್ತು ನಿಮಿಷ. ಓದು ಬಾರದ ಅಜ್ಜಿಗೂ ಇದರಲ್ಲಿ ಸಮಾನ ಪಾಲಿದೆ. ಪ್ರಾಚೀನ ಕಾಲದಲ್ಲಿ ಹೆಚ್ಚಿನವರು ವಾಕ್ಯವನ್ನು ಕೇಳಿಯೇ ತಿಳಿದರು, ಓದಿ ಅಲ್ಲ. ಕನ್ನಡವೋ ಕೊಂಕಣಿಯೋ, ಮನಸ್ಸು ಯಾವ ಭಾಷೆಯಲ್ಲಿ ಅಳುತ್ತದೋ ನಗುತ್ತದೋ ಆ ಭಾಷೆಯಲ್ಲೇ ಓದೋಣ.

ವಾರ್ಡಿನ ಕೂಟಗಳಲ್ಲಿ ಗುರಿಕಾರರು ಮುಂದಿನ ಭಾನುವಾರದ ಶುಭಸಂದೇಶವನ್ನು ಇದೇ ಕ್ರಮದಲ್ಲಿ ಓದಿಸಬಹುದು. ಹಾಗೆ ಸಿದ್ಧರಾಗಿ ಬಂದವರಿಗೆ ಭಾನುವಾರದ ಪ್ರಬೋಧನೆ ಬೇರೆಯೇ ರೀತಿಯಲ್ಲಿ ಕೇಳಿಸುತ್ತದೆ.

ಅಡ್ಡಿಗಳು ಮತ್ತು ಎಚ್ಚರಿಕೆಗಳು

ಮನಸ್ಸು ಹರಿದಾಡುವುದು ಎಲ್ಲರಿಗೂ ಇರುವ ತೊಂದರೆ. ಹರಿದಾಡಿದ ಮನಸ್ಸನ್ನು ಅಟ್ಟಿಸಿಕೊಂಡು ಹೋಗಬೇಡಿ, ಮೆಲ್ಲಗೆ ಮತ್ತೆ ವಾಕ್ಯಕ್ಕೆ ತನ್ನಿ ಎಂಬುದೇ 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ ಸಲಹೆಯ ಸಾರ. ಇನ್ನೊಂದು ತೊಂದರೆ ಒಣ ದಿನಗಳು. ಆವಿಲಾದ ಸಂತ ತೆರೇಸರು ಸುಮಾರು 18 ವರ್ಷ ಇಂಥ ಒಣತನವನ್ನು ಅನುಭವಿಸಿದರು. ಆಗೆಲ್ಲ ಕೈಯಲ್ಲೊಂದು ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರಲು ಧೈರ್ಯವಾಗುತ್ತಿರಲಿಲ್ಲವೆಂದು ತಮ್ಮ ಜೀವನಚರಿತ್ರೆಯಲ್ಲಿ ಬರೆದಿದ್ದಾರೆ. ಇಂಥ ಹೊತ್ತಿನಲ್ಲಿ ಗೊತ್ತುಮಾಡಿದ ಸಮಯವನ್ನು ಕಡಿಮೆ ಮಾಡದೆ, ಆದರೆ ಸ್ವಲ್ಪ ಹೆಚ್ಚೇ ಕೂರಬೇಕೆಂಬುದು ಲೊಯೋಲಾದ ಸಂತ ಇಗ್ನೇಷಿಯಸರ ಸೂಚನೆ.

ಎಚ್ಚರಿಕೆಯ ಮಾತೂ ಅಗತ್ಯ. ಕಣ್ಣುಮುಚ್ಚಿ ಪುಟ ತೆರೆದು, ಬೆರಳಿಟ್ಟ ವಾಕ್ಯವನ್ನು ಶಕುನದಂತೆ ನೋಡುವುದು ವಾಕ್ಯ ಮನನವಲ್ಲ. ಒಂದು ವಾಕ್ಯ ಸಿಕ್ಕಿತೆಂದು ವೈದ್ಯರ ಔಷಧಿ ನಿಲ್ಲಿಸುವುದು, ಸಾಲ ಮಾಡುವುದು, ಮದುವೆ ಮುರಿಯುವುದು ಅಪಾಯ. ಸಂದರ್ಭದಿಂದ ವಾಕ್ಯವನ್ನು ಕಿತ್ತು ಅಕ್ಷರಶಃ ಹಿಡಿಯುವ ಓದಿನ ಕುರಿತು ಪೊಂತಿಫಿಕಲ್ ಬೈಬಲ್ ಆಯೋಗ 1993ರ ತನ್ನ ದಾಖಲೆಯಲ್ಲಿ ಕಟುವಾಗಿಯೇ ಎಚ್ಚರಿಸಿದೆ. ಸೊಸೆಗೆ, ಗಂಡನಿಗೆ, ನೆರೆಯವರಿಗೆ ಚುಚ್ಚಲು ವಾಕ್ಯವನ್ನು ಬಳಸುವುದೂ ತಪ್ಪೇ. ವಾಕ್ಯ ಮೊದಲು ಓದುವವನನ್ನು ಪ್ರಶ್ನಿಸಬೇಕು. ಸಂಶಯ ಬಂದಾಗ ಬೈಬಲಿನ ಅಡಿಟಿಪ್ಪಣಿ ನೋಡೋಣ, ವಿಚಾರಣಾ ಗುರುಗಳನ್ನು ಕೇಳೋಣ.

ಬೆಳವಣಿಗೆ ತಿಳಿಯುವುದು ಹೇಗೆ?

ವಿಶ್ವಾಸ ಬೆಳೆದಿದೆಯೇ ಎಂದು ತೂಗಲು ತಕ್ಕಡಿಯಿಲ್ಲ. ಪ್ರಾರ್ಥನೆಯಲ್ಲಿ ಕಣ್ಣೀರು ಬಂತೇ, ಮೈ ಜುಮ್ಮೆಂದಿತೇ ಎಂಬುದು ಗುರುತಲ್ಲ. ಪ್ರೀತಿ, ಆನಂದ, ಶಾಂತಿ, ಸಹನೆ, ದಯೆ ಮುಂತಾದವನ್ನು ಪವಿತ್ರಾತ್ಮರ ಫಲಗಳೆಂದು ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಎಣಿಸುತ್ತಾರೆ. ಕಳೆದ ವರ್ಷ ಸಿಡುಕುತ್ತಿದ್ದಲ್ಲಿ ಈ ವರ್ಷ ಸ್ವಲ್ಪ ತಾಳಿಕೊಂಡೆವೇ? ಮಾತು ಬಿಟ್ಟ ಅಣ್ಣನ ಮನೆಗೆ ಹೋಗಲು ಮನಸ್ಸಾಯಿತೇ? ಇವನ್ನು ನಾವಲ್ಲ, ನಮ್ಮೊಡನೆ ಬಾಳುವವರು ಮೊದಲು ಗುರುತಿಸುತ್ತಾರೆ.

ಆರಂಭಿಸಲು ಹಬ್ಬಕ್ಕಾಗಿ, ಧ್ಯಾನಕೂಟಕ್ಕಾಗಿ ಕಾಯಬೇಕಿಲ್ಲ. ಹೂವಿನ ನಡುವಿನಿಂದ ಬೈಬಲನ್ನು ಕೈಗೆತ್ತಿಕೊಂಡು, ಪವಿತ್ರಾತ್ಮರ ನೆರವನ್ನು ಬೇಡಿ, ಇಂದಿನ ಶುಭಸಂದೇಶವನ್ನು ತೆರೆಯೋಣ. ಹತ್ತು ನಿಮಿಷ ಇಂದು, ಹತ್ತು ನಿಮಿಷ ನಾಳೆ. ತಪ್ಪಿದ ದಿನಕ್ಕಾಗಿ ಕೊರಗದೆ ಮರುದಿನ ಮತ್ತೆ ಕೂರೋಣ. ಬಿತ್ತಿದವನು ಮಲಗಿದ್ದರೂ ಎದ್ದಿದ್ದರೂ ಬೀಜ ತಾನಾಗಿ ಮೊಳೆಯುತ್ತದೆ ಎಂಬ ಯೇಸುಸ್ವಾಮಿಯ ಸಾಮತಿಯೂ ಮಾರ್ಕರ ಅದೇ ನಾಲ್ಕನೇ ಅಧ್ಯಾಯದಲ್ಲಿದೆ. ಬೆಳೆಸುವ ಕೆಲಸ ದೇವರದು. ಬೀಜಕ್ಕೆ ನೆಲ ಕೊಡುವುದಷ್ಟೇ ನಮ್ಮದು.