ನಲವತ್ತೊಂಬತ್ತು ಹೆಸರು, ಒಂದು ಶಿಲುಬೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಸಮೀಪದಲ್ಲಿ, ಮೇರಿಲ್ಯಾಂಡ್ ಸಂಸ್ಥಾನಕ್ಕೆ ಸೇರಿದ ಬ್ಲೇಡನ್ಸ್‌ಬರ್ಗ್ ಎಂಬ ಊರಿದೆ. ಅಲ್ಲಿ ರಸ್ತೆಗಳು ಕೂಡುವೆಡೆಯಲ್ಲಿ ನಲವತ್ತು ಅಡಿ ಎತ್ತರದ ಕಾಂಕ್ರೀಟಿನ ಶಿಲುಬೆಯೊಂದು ನಿಂತಿದೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಆ ಜಿಲ್ಲೆಯ 49 ಮಂದಿಯ ಹೆಸರುಗಳು ಅದರ ಪೀಠದ ಫಲಕದಲ್ಲಿವೆ. 1918ರಲ್ಲಿ ಇದಕ್ಕಾಗಿ ಹಣ ಕೂಡಿಸಲು ತೊಡಗಿದವರಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರೂ ಇದ್ದರು. ಮಗ ಫ್ರಾನ್ಸಿನಲ್ಲಿ ತೀರಿಕೊಂಡುದರಿಂದ ತನ್ನ ಪಾಲಿಗೆ ಈ ಶಿಲುಬೆಯೇ ಒಂದು ಬಗೆಯಲ್ಲಿ ಅವನ ಗೋರಿಕಲ್ಲು ಎಂದು ಒಬ್ಬ ತಾಯಿ ಕಾಗದ ಬರೆದಳು. ಹಣ ಸಾಲದೆ ಅರ್ಧಕ್ಕೆ ನಿಂತ ಕೆಲಸವನ್ನು ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್ 1922ರಲ್ಲಿ ವಹಿಸಿಕೊಂಡು 1925ರಲ್ಲಿ ಮುಗಿಸಿತು. ಕರಿಯರನ್ನೂ ಬಿಳಿಯರನ್ನೂ ಬೇರೆಬೇರೆಯಾಗಿ ಇರಿಸಿದ್ದ ಆ ಕಾಲದಲ್ಲಿ ಇಬ್ಬರ ಹೆಸರುಗಳೂ ಒಂದೇ ಫಲಕದ ಮೇಲೆ ಬಂದವೆಂಬುದು ಸಣ್ಣ ಸಂಗತಿಯಲ್ಲ.

1961ರಲ್ಲಿ, ವಾಹನಸಂಚಾರದ ಸುರಕ್ಷತೆಯೇ ಮೊದಲಾದ ಕಾರಣಗಳಿಗಾಗಿ, ಶಿಲುಬೆಯೂ ಅದು ನಿಂತ ನೆಲವೂ ಸರಕಾರದ ಒಂದು ಆಯೋಗದ ವಶಕ್ಕೆ ಬಂದವು. ಅದರ ರಕ್ಷಣೆಗೆ ಸಾರ್ವಜನಿಕ ನಿಧಿಯಿಂದ ಸುಮಾರು 1,17,000 ಡಾಲರು ವೆಚ್ಚವಾಯಿತು. 2014ರಲ್ಲಿ ಮಾನವತಾವಾದಿಗಳ ಸಂಘವೊಂದು ಮೊಕದ್ದಮೆ ಹೂಡಿತು. ಶಿಲುಬೆಯನ್ನು ಬೇರೆಡೆಗೆ ಒಯ್ಯಬೇಕು ಅಥವಾ ಕೆಡವಬೇಕು. ಇಲ್ಲವಾದರೆ ಅದರ ಎರಡು ತೋಳುಗಳನ್ನು ತೆಗೆದು ಬರಿಯ ಕಂಬವಾಗಿಸಬೇಕು ಎಂಬುದು ಅದರ ಬೇಡಿಕೆ.

ಈ ಬೇಡಿಕೆಯ ಹಿಂದೆ ಹಳೆಯದೊಂದು ತತ್ತ್ವವಿದೆ. 1791ರಲ್ಲಿ ಅಂಗೀಕೃತವಾದ ಮೊದಲನೆಯ ತಿದ್ದುಪಡಿಯು ಪ್ರಭುತ್ವವು ಯಾವ ಮತವನ್ನೂ ಸ್ಥಾಪಿಸಬಾರದೆಂದು ವಿಧಿಸಿತು. 1802ರಲ್ಲಿ ಜೆಫರ್‌ಸನ್ ಇದನ್ನು ಚರ್ಚಿಗೂ ಪ್ರಭುತ್ವಕ್ಕೂ ನಡುವಣ ಗೋಡೆಯೆಂದು ಬಣ್ಣಿಸಿದ. ಆದರೆ ಆ ರೂಪಕ ಅವನಿಗಿಂತ ಹಳೆಯದು. ಮ್ಯಾಸಚೂಸೆಟ್ಸಿನಿಂದ ಬಹಿಷ್ಕೃತನಾದ ರೋಜರ್ ವಿಲಿಯಮ್ಸ್ ಎಂಬ ಪಾದ್ರಿ 1644ರಲ್ಲಿಯೇ ಅದನ್ನು ಬಳಸಿದ್ದ. ಅವನ ಕಣ್ಣಿನಲ್ಲಿ ಚರ್ಚು ಒಂದು ತೋಟ, ಲೋಕವ್ಯವಹಾರ ಒಂದು ಅಡವಿ. ಬೇಲಿ ಬೇಕಾದುದು ತೋಟದ ರಕ್ಷಣೆಗೆ. ಹಾಗೆಂದಮೇಲೆ, ಈ ಗೋಡೆಯ ಕಲ್ಪನೆಗೆ ದೈವದ್ವೇಷ ಮೂಲವಲ್ಲ, ದೈವಭಕ್ತಿ ಮೂಲ.

ಬ್ಲೇಡನ್ಸ್‌ಬರ್ಗಿನದು ಇಂಥ ಮೊದಲ ವಿವಾದವೂ ಅಲ್ಲ. ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ 1934ರಲ್ಲಿ ಮಾಜಿ ಸೈನಿಕರು ನೆಟ್ಟ ಶಿಲುಬೆಯ ವಿಷಯವೂ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಸರಕಾರೀ ನೆಲದಲ್ಲಿ ಶಿಲುಬೆ ಸಲ್ಲದೆಂದು ದಾವೆ ಹೂಡಿದವರು ಸ್ವತಃ ಕ್ಯಾಥೊಲಿಕರು! 2009ರ ವಿಚಾರಣೆಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ, ಮಡಿದವರ ನೆನಪಿಗೆ ಎಲ್ಲಕ್ಕಿಂತ ಸಾಮಾನ್ಯವಾದ ಚಿಹ್ನೆ ಶಿಲುಬೆಯೇ ಅಲ್ಲವೆ ಎಂದರು. ತಾನು ಯೆಹೂದ್ಯರ ಸ್ಮಶಾನಗಳಿಗೆ ಹೋಗಿದ್ದೇನೆ, ಅಲ್ಲಿ ಯಾವ ಗೋರಿಯ ಮೇಲೂ ಶಿಲುಬೆ ಇರುವುದಿಲ್ಲ ಎಂದು ವಕೀಲರು ಉತ್ತರಿಸಿದರು.

ಬ್ಲೇಡನ್ಸ್‌ಬರ್ಗಿನ ತೀರ್ಪು 2019ರ ಜೂನ್ 20ರಂದು ಹೊರಬಿತ್ತು. ಏಳು ನ್ಯಾಯಮೂರ್ತಿಗಳು ಶಿಲುಬೆ ಉಳಿಯಲೆಂದರು, ಇಬ್ಬರು ಒಪ್ಪಲಿಲ್ಲ. ಶಿಲುಬೆ ಕ್ರೈಸ್ತಚಿಹ್ನೆಯೆಂಬುದು ನಿಜವಾದರೂ ಕಾಲ ಕಳೆದಂತೆ ಅದಕ್ಕೆ ಚಾರಿತ್ರಿಕವಾದ ಬೇರೆ ಅರ್ಥಗಳೂ ಕೂಡಿಕೊಂಡಿವೆ. ಈಗ ಅದನ್ನು ಕಿತ್ತರೆ ಅದು ಮತದ ಮೇಲಣ ಹಗೆತನವಾಗಿ ಕಂಡೀತು ಎಂದು ನ್ಯಾಯಮೂರ್ತಿ ಅಲಿಟೊ ಬರೆದರು. ಭಿನ್ನಾಭಿಪ್ರಾಯ ಬರೆದ ಗಿನ್ಸ್‌ಬರ್ಗ್ ಯೆಹೂದ್ಯರು. ಅವರೊಡನೆ ನಿಂತ ಸೊಟೊಮೇಯರ್ ಕ್ಯಾಥೊಲಿಕ್ ಮನೆತನದವರು. ಬಹುಮತದ ಕಡೆಯಲ್ಲಿಯೂ ಬ್ರೇಯರ್, ಕೇಗನ್ ಎಂಬ ಇಬ್ಬರು ಯೆಹೂದ್ಯರಿದ್ದರು. ಮತಕ್ಕೆ ತಕ್ಕಂತೆ ಮತ ಬೀಳಲಿಲ್ಲ.

ಸಾಹಿತ್ಯವನ್ನು ಪಾಠ ಹೇಳಿ ವಯಸ್ಸು ಕಳೆದ ನನಗೆ ಈ ವಾದವನ್ನು ಓದುವಾಗ ಆನಂದವರ್ಧನನ ನೆನಪಾಗುತ್ತದೆ. ನ್ಯಾಯಾಲಯ ನಡೆಸಿದ್ದು ಒಂದರ್ಥದಲ್ಲಿ ಧ್ವನಿವಿಚಾರವೇ. ಶಿಲುಬೆಯ ವಾಚ್ಯಾರ್ಥ ಕ್ರಿಸ್ತನ ಮರಣ ಮತ್ತು ಪುನರುತ್ಥಾನ; ಧ್ವನ್ಯರ್ಥ ವೀರಸ್ಮರಣೆ. ಆದರೆ ದೀಪವನ್ನು ಆರಿಸಿ ಬೆಳಕನ್ನು ಮಾತ್ರ ಉಳಿಸಿಕೊಳ್ಳುವುದು ಸಾಧ್ಯವೆ? ಆ ತಾಯಿಗೆ ಶಿಲುಬೆ ಗೋರಿಕಲ್ಲಾಗಿ ಸಮಾಧಾನ ತಂದದ್ದು ಅದು ಪುನರುತ್ಥಾನದ ಭರವಸೆಯ ಕುರುಹಾಗಿದ್ದುದರಿಂದ. ಆ ಭರವಸೆಯಲ್ಲಿ ಪಾಲಿಲ್ಲದ ಇನ್ನೊಬ್ಬ ತಾಯಿಗೆ ಅದೇ ಕಂಬ ಏನನ್ನು ಹೇಳೀತು? ಶಿಲುಬೆಯನ್ನು ಉಳಿಸಲೆಂದು ಅದು ಬರಿಯ ಶಿಲುಬೆಯಲ್ಲವೆಂದು ಸಾಧಿಸಬೇಕಾಗಿ ಬಂದದ್ದೇ ಈ ಪ್ರಕರಣದ ವಿಪರ್ಯಾಸ. ಅಡವಿ ತೋಟದೊಳಕ್ಕೆ ನುಗ್ಗುವುದೆಂದು ರೋಜರ್ ವಿಲಿಯಮ್ಸ್ ಅಂಜಿದ್ದು ಇದಕ್ಕೇ ಅಲ್ಲವೆ?

ಒಬ್ಬನ ಗೋರಿಯ ಮಾತು ಬೇರೆ. ಅಮೆರಿಕದ ಸರಕಾರ ಸೈನಿಕರಿಗೆ ಕೊಡುವ ಗೋರಿಕಲ್ಲಿನ ಮೇಲೆ ಅವರವರ ನಂಬಿಕೆಯ ಚಿಹ್ನೆಯನ್ನು ಕೆತ್ತಲಾಗುತ್ತದೆ. ವಿಕ್ಕ ಎಂಬ ಪಂಥದವರ ಪಂಚಕೋನ ನಕ್ಷತ್ರಕ್ಕೂ 2007ರಲ್ಲಿ ಅಲ್ಲಿ ಎಡೆ ದೊರೆಯಿತು. ಅಲ್ಲಿ ಮಾತನಾಡುವವನು ಮಡಿದವನು. ಎಲ್ಲರ ಹೆಸರಿನಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಮಾತನಾಡುವುದು ಪ್ರಭುತ್ವ. ರಾಜನೇ ಚರ್ಚಿನ ಮುಖ್ಯಸ್ಥನಾಗಿರುವ ಇಂಗ್ಲೆಂಡು ಇದನ್ನು ಅರಿತಿತ್ತೆಂದು ತೋರುತ್ತದೆ. ನಮ್ಮ ಹೊಸದಿಲ್ಲಿಯ ಶಿಲ್ಪಿ ಲುಟ್ಯೆನ್ಸ್ ರೂಪಿಸಿ, 1920ರಲ್ಲಿ ಲಂಡನ್ನಿನಲ್ಲಿ ಅನಾವರಣಗೊಂಡ ಸೆನೊಟಾಫ್ ಸ್ಮಾರಕದ ಮೇಲೆ ಶಿಲುಬೆಯಿಲ್ಲ, ಯಾವ ಮತದ ಚಿಹ್ನೆಯೂ ಇಲ್ಲ. ಗೋಡೆಯಿಲ್ಲದ ನಾಡಿನಲ್ಲಿ ಬೋಳು ಕಲ್ಲು, ಗೋಡೆಯುಳ್ಳ ನಾಡಿನಲ್ಲಿ ಶಿಲುಬೆ!

ಹಾಗಾದರೆ ಬ್ಲೇಡನ್ಸ್‌ಬರ್ಗಿನ ತೋಳುಗಳನ್ನು ಕತ್ತರಿಸಬೇಕಾಗಿತ್ತೆ? ನನ್ನ ಮನಸ್ಸು ಒಪ್ಪುವುದಿಲ್ಲ. ನೂರು ವರ್ಷ ಹಿಂದೆ ಅತ್ತವರ ಕೈಯ ಕೆಲಸವನ್ನು ಅಂಗಹೀನ ಮಾಡಿ ಯಾರೂ ದೊಡ್ಡವರಾಗುವುದಿಲ್ಲ. ಆದರೆ ಹೊಸದಾಗಿ ಕಟ್ಟುವ ಸ್ಮಾರಕಕ್ಕೆ ಈ ತೀರ್ಪು ತಾನಾಗಿಯೇ ಅನ್ವಯಿಸದೆಂದು ಬ್ರೇಯರ್ ಬರೆದ ಮಾತನ್ನು ಮರೆಯಬಾರದು. ಹಳೆಯದನ್ನು ಅದು ಏನಾಗಿತ್ತೋ ಅದೇ ಹೆಸರಿನಿಂದ ಕರೆದು ಉಳಿಸೋಣ. ಹೊಸದನ್ನು ನಿಲ್ಲಿಸುವಾಗ ಫಲಕದ ಮೇಲಿನ ಹೆಸರುಗಳನ್ನು ಮೊದಲು ಓದೋಣ. ಕಲ್ಲಿಗೆ ಯಾವ ಆಕಾರ ಕೊಡಬೇಕೆಂಬುದನ್ನು ಆಮೇಲೆ ಗೊತ್ತುಮಾಡೋಣ.